ಹನ್ನೊಂದು ಏಟು

ಪಾಂಡವಪುರದಲ್ಲಿ ನಾಗಮಂಗಲದ ಬಸ್ಸು ಹತ್ತಿದಾಗ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕ್ಯಾತನಹಳ್ಳಿಯಲ್ಲಿ ತಮ್ಮನ ಮಗುವಿನ ನಾಮಕರಣ ಮುಗಿಸಿ ಹಿಂತಿರುಗುತ್ತಿದ್ದೆ. ತವರಿನವರು ಕೊಟ್ಟ ಹುರುಳಿಕಾಳಿನ ಚೀಲವನ್ನು ಕಾಲುಗಳ ನಡುವೆ ಇಟ್ಟುಕೊಂಡು, ಅದು ಉರುಳದಂತೆ ಒಂದು ಕೈಯಲ್ಲಿ ಹಿಡಿದು ಕೂತಿದ್ದೆ. ಜಕ್ಕನಹಳ್ಳಿ ಕ್ರಾಸ್ ದಾಟಿದ ಮೇಲೆ ಹಿಂದಿನ ಸೀಟಿನಲ್ಲಿದ್ದ ಇಬ್ಬರು ಕಾಲೇಜು ಹುಡುಗಿಯರು ಫೋನಿನಲ್ಲಿ ಏನೋ ಹಾಡು ಹಾಕಿದರು. ಮೊದಲು ದಪ್ಪ ಗುಂಯ್ ಎನ್ನುವ ಸದ್ದು. ಆಮೇಲೆ ಲೋಹದ ಮೇಲೆ ಏಟು.

ಮೂರು. ತಡೆ. ಐದು. ತಡೆ. ಎರಡು ಮೆಲ್ಲಗೆ. ಒಂದು ಗಟ್ಟಿಯಾಗಿ.

ಚೀಲದ ಮೇಲಿದ್ದ ನನ್ನ ಕೈ ಸಡಿಲವಾಯಿತು. ಸದ್ದು ನಾನು ಕೇಳಿ ಗೊತ್ತಿದ್ದುದಕ್ಕಿಂತ ಬೇಗ ಬೇಗ ಓಡುತ್ತಿತ್ತು. ಆದರೆ ನಡುವಿನ ತಡೆ ಅದೇ, ಕೊನೆಯ ಏಟಿನ ತೂಕ ಅದೇ. ಹನ್ನೊಂದು ಏಟು ಮುಗಿದು ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಅದರ ಮೇಲೆ ಒಂದು ಹೆಣ್ಣು ದನಿ ಉಸಿರು ತೆಗೆದುಕೊಳ್ಳದೆ ಮಾತಾಡುತ್ತಾ ಹೋಯಿತು.

ನಾನು ತಿರುಗಿ, "ಅದೇನಮ್ಮಾ ಹಾಡು?" ಎಂದೆ.

"ಗ್ರೈಮು ಆಂಟಿ," ಎಂದಳು ಒಬ್ಬಳು. "ನಮ್ ನಾಗಮಂಗ್ಲದ ಹುಡ್ಗೀನೇ ಮಾಡಿರೋದು. ಎಲ್ರ ಸ್ಟೇಟಸ್ಸಲ್ಲೂ ಇದೇಯ."

"ಸೌಂಡ್ ಕಮ್ಮಿ ಮಾಡೇ, ಅವ್ರಿಗೆ ತಲೆನೋವು ಬಂದದೆ," ಎಂದಳು ಇನ್ನೊಬ್ಬಳು.

ನನಗೆ ತಲೆನೋವು ಬಂದಿರಲಿಲ್ಲ. ಆ ದನಿ ನನ್ನ ಮಗಳದು. ಆ ಏಟುಗಳು ನನ್ನ ಗಂಡನವು. ಅವು ನಮ್ಮ ಮನೆಯ ಹೊಸ್ತಿಲು ದಾಟಬಾರದ ಏಟುಗಳು.

ನನ್ನ ಗಂಡ ಲಕ್ಷ್ಮಣ ಪಂಚಲೋಹದ ಮೂರ್ತಿಗಳನ್ನು ಎರಕ ಹೊಯ್ಯುತ್ತಾರೆ. ಅವರ ತಂದೆ, ಅಜ್ಜ ಇದೇ ಕೆಲಸ ಮಾಡಿದವರು. ನಾಗಮಂಗಲದಲ್ಲಿ ಈಗ ಈ ಕೆಲಸ ಉಳಿಸಿಕೊಂಡಿರುವ ಮನೆಗಳು ಕೆಲವೇ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಮದುವೆಯಾಗಿ ಬಂದು ಇಪ್ಪತ್ತನಾಲ್ಕು ವರ್ಷವಾಯಿತು. ಮೇಣದಲ್ಲಿ ರೂಪ ತಿದ್ದುವುದನ್ನು, ಅದಕ್ಕೆ ಮಣ್ಣು ಮೆತ್ತುವುದನ್ನು, ಮೇಣ ಕರಗಿಸಿ ಆ ಪೊಳ್ಳಿಗೆ ಲೋಹ ಹೊಯ್ಯುವುದನ್ನು ಎಷ್ಟೋ ಸಲ ನೋಡಿದ್ದೇನೆ, ಕೈ ಹಾಕಿ ನೆರವಾಗಿದ್ದೇನೆ. ನೋಡದೇ ಇರುವುದು ಒಂದೇ, ಕಣ್ಣಿನ ಕೆಲಸ.

ಮೂರ್ತಿಯ ಎಲ್ಲ ಕೆಲಸ ಮುಗಿದ ಮೇಲೆ ಕಣ್ಣು. ಆ ದಿನ ಅವರು ಏನೂ ತಿನ್ನುವುದಿಲ್ಲ. ಬೆಳಿಗ್ಗೆ ಸ್ನಾನ ಮಾಡಿ ಕೆಲಸದ ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಾರೆ. ಉಳಿ ಕೈಗೆ ತೆಗೆದುಕೊಂಡ ಗಳಿಗೆಯಿಂದ ಹೊರಗೆ ಬರುವವರೆಗೂ ಬಾಯಿ ಬಿಡುವಂತಿಲ್ಲ, ನಡುವೆ ಬಾಗಿಲು ತೆರೆಯುವಂತಿಲ್ಲ. ಮನೆಯಲ್ಲಿ ಮಿಕ್ಸಿ ಇಲ್ಲ, ಟಿವಿ ಇಲ್ಲ. ನಾವು ಹೆಂಗಸರು ನಡುಮನೆಯಲ್ಲಿ ಕೂತು ಕೇಳುತ್ತೇವೆ. ಹನ್ನೊಂದು ಏಟು. ಆಮೇಲೆ ಬಹಳ ಹೊತ್ತಿನ ಮೇಲೆ ಅವರು ಹೊರಗೆ ಬರುತ್ತಾರೆ. ಅಷ್ಟರಲ್ಲಿ ಮೂರ್ತಿಯ ಮುಖಕ್ಕೆ ಬಟ್ಟೆ ಕಟ್ಟಿ ಆಗಿರುತ್ತದೆ. ಗುಡಿ ಸೇರಿದ ಮೇಲೆ ಮೊದಲು ಕನ್ನಡಿಗೆ, ಆಮೇಲೆ ಹಸುವಿಗೆ, ಕೊನೆಗೆ ಜನಕ್ಕೆ ಆ ಕಣ್ಣು ಕಾಣಬೇಕು.

ಆ ಏಟನ್ನು ಹೊರಗೆ ಯಾರೂ ಮತ್ತೆ ಬಾರಿಸಬಾರದು. ಬಾರಿಸಿದರೆ ಕಣ್ಣಿನ ಬೆಳಕು ಅಲ್ಲಿಗೆ ಹರಿದುಹೋಗುತ್ತದೆ ಎಂದು ನಮ್ಮ ಕಸುಬಿನವರೂ, ಮೂರ್ತಿ ಮಾಡಿಸುವವರೂ ನಂಬುತ್ತಾರೆ. ನನ್ನ ಅತ್ತೆ ಪುಟ್ಟಲಕ್ಷ್ಮಮ್ಮ ಮದುವೆಯಾಗಿ ಬಂದ ಹೊಸತರಲ್ಲಿ, ನೀರಿಗೆ ಬಂದಿದ್ದ ನೆಂಟರ ಪೈಕಿಯವನೊಬ್ಬ ಗೋಡೆಯಾಚೆಯಿಂದ ಕೇಳಿಸಿಕೊಂಡು, ತಮಾಷೆಗೆ ಅದನ್ನೇ ಹಿತ್ತಾಳೆ ಕೊಡದ ಮೇಲೆ ಬಾರಿಸಿದನಂತೆ. ಅತ್ತೆಯ ಮಾವ ಹೊರಗೆ ಬಂದು ಅವನನ್ನು ಒಂದು ಮಾತೂ ಬೈಯಲಿಲ್ಲವಂತೆ. ಒಲೆ ಹೊತ್ತಿಸಿ ಮೂರ್ತಿಯನ್ನು ಮೂಸೆಗೆ ಹಾಕಿ ಕರಗಿಸಿಬಿಟ್ಟರಂತೆ. ಅತ್ತೆ ಈ ಕತೆಯನ್ನು ವರ್ಷಕ್ಕೆ ಒಂದೆರಡು ಸಲವಾದರೂ ಹೇಳುತ್ತಾರೆ.

ಒಬ್ಬಳೇ ಮಗಳು ಹರ್ಷಿತ. ಅವಳಿಗೂ ಈ ಕತೆ ಗೊತ್ತು. ಮೈಸೂರಿನಲ್ಲಿ ಪತ್ರಿಕೋದ್ಯಮದ ಎಂ.ಎ. ಮಾಡುತ್ತಿದ್ದಾಳೆ, ಕೊನೆಯ ವರ್ಷ. ಒಂದು ದೇಶದ ಒಂದು ವರ್ಷದ ಜನಪ್ರಿಯ ಸಂಗೀತದ ಬಗ್ಗೆ ಪ್ರಬಂಧ ಬರೆಯಬೇಕು, ಜೊತೆಗೆ ಆ ಬಗೆಯ ಮೂರು ನಿಮಿಷದ ತುಣುಕೊಂದನ್ನು ತಾವೇ ಮಾಡಿ ಒಪ್ಪಿಸಬೇಕು ಎಂದು ಅವರ ಮೇಷ್ಟರು ಹೇಳಿದ್ದರು. ಅವಳು ಬ್ರಿಟನ್ನಿನ ಎರಡು ಸಾವಿರದ ಹದಿನಾರನೇ ವರ್ಷ ಆರಿಸಿಕೊಂಡಳು. ಬರೆದ ಹಾಳೆಗಳೆಲ್ಲ ಕನ್ನಡ ತಿದ್ದಲು ನನ್ನ ಹತ್ತಿರ ಬರುತ್ತಿದ್ದವು. ಹೀಗಾಗಿ ನಾಗಮಂಗಲದ ಅಡುಗೆಮನೆಯಲ್ಲಿ ಕೂತು, ಕೆಂಪು ಪೆನ್ಸಿಲ್ ಹಿಡಿದು, ಲಂಡನ್ನಿನ ಪೂರ್ವಭಾಗದ ಎತ್ತರದ ವಸತಿ ಕಟ್ಟಡಗಳ ಬಗ್ಗೆ ನನಗೆ ಬೇಕಾದ್ದಕ್ಕಿಂತ ಹೆಚ್ಚು ತಿಳಿದುಕೊಂಡೆ.

ಗ್ರೈಮ್ ಹುಟ್ಟಿದ್ದು ಅಲ್ಲಿ, ಈ ಶತಮಾನದ ಮೊದಲ ವರ್ಷಗಳಲ್ಲಿ. ನಿಮಿಷಕ್ಕೆ ನೂರನಲವತ್ತು ಬಡಿತ. ಮೈಕು ಹಿಡಿದವರು ಹದಿನಾರು ಸಾಲು ಹೇಳಿ ಪಕ್ಕದವರಿಗೆ ದಾಟಿಸಬೇಕು. ಸಾಲು ಚೆನ್ನಾಗಿದ್ದರೆ ಕೇಳುವವರು ಕೂಗೆಬ್ಬಿಸಿ ಹಾಡನ್ನು ಮೊದಲಿನಿಂದ ಹಾಕಿಸುತ್ತಾರೆ. ಇಂಥ ಹಾಡಿನ ಕಾರ್ಯಕ್ರಮವೆಂದರೆ, ಯಾರು ಬರುತ್ತಾರೆ, ಯಾರು ಹಾಡುತ್ತಾರೆ ಎಂದು ಪೊಲೀಸರು ಫಾರಂ ತುಂಬಿಸಿಕೊಳ್ಳುತ್ತಿದ್ದರು. ಹದಿನಾರನೇ ಇಸವಿಯ ಶುರುವಿನಲ್ಲಿ ಅಲ್ಲಿನ ದೊಡ್ಡ ಪ್ರಶಸ್ತಿಗಳ ಪಟ್ಟಿಯಲ್ಲಿ ಕಪ್ಪು ಗಾಯಕರನ್ನು ಬಿಟ್ಟಿದ್ದಾರೆಂದು ಗದ್ದಲವಾಯಿತು. ಅದೇ ಸೆಪ್ಟೆಂಬರಿನಲ್ಲಿ ಇನ್ನೊಂದು ದೊಡ್ಡ ಬಹುಮಾನ ಗ್ರೈಮ್ ಆಲ್ಬಮ್ಮಿಗೇ ಬಂತು. ಹರ್ಷಿತ ಇದನ್ನು ಬರೆದಾಗ ತಾನೇ ಗೆದ್ದವಳಂತೆ ಬರೆದಿದ್ದಳು. ನಾನು ಎರಡು ಆಶ್ಚರ್ಯಸೂಚಕ ಚಿಹ್ನೆ ಹೊಡೆದುಹಾಕಿದೆ.

ಆ ಹಾಡುಗಳಿಗೆ ಮೊದಮೊದಲು ದೊಡ್ಡ ರೇಡಿಯೋಗಳಲ್ಲಿ ಜಾಗ ಇರಲಿಲ್ಲವಂತೆ. ಹುಡುಗರು ಲೈಸೆನ್ಸ್ ಇಲ್ಲದ ರೇಡಿಯೋ ನಡೆಸುತ್ತಿದ್ದರು. ಒಂದು ಕಟ್ಟಡದ ನೆತ್ತಿಯ ಮೇಲೆ ಏರಿಯಲ್ಲು, ಸ್ಟುಡಿಯೋ ಇನ್ನೆಲ್ಲೋ ಒಂದು ಅಡುಗೆಮನೆಯಲ್ಲಿ. ಅಧಿಕಾರಿಗಳು ಸದ್ದಿನ ಜಾಡು ಹಿಡಿದು ಹತ್ತಿಹೋದರೆ ಸಿಗುತ್ತಿದ್ದುದು ಬರೀ ಕಂಬಿ. ಇಲ್ಲಿ ಹರ್ಷಿತ, 'ಸದ್ದು ಬರುವ ಜಾಗ ಬೇರೆ, ಕೆಲಸ ನಡೆಯುವ ಜಾಗ ಬೇರೆ' ಎಂದು ಬರೆದಿದ್ದಳು. ನಾನು ಅದರ ಅಡಿಗೆ ಗೆರೆ ಎಳೆದು, 'ಅಸ್ಪಷ್ಟ, ಬಿಡಿಸಿ ಬರೆ' ಎಂದು ಅಂಚಿನಲ್ಲಿ ಗುರುತು ಹಾಕಿದ್ದೆ.

ಅವಳು ಅಂಥ ಒಂದು ಹಾಡು ಹಾಕಿ ಕೇಳಿಸಿದಾಗ ಅತ್ತೆ, "ಇದ್ಯಾವ ಆಡವ್ವ? ಸಂತೆಬಾಚಳ್ಳಿ ಸಂತೇಲಿ ಸೊಪ್ನವ್ರು ಕೂಗ್ದಂಗದೆ," ಎಂದಿದ್ದರು.

"ಕೂಗ್ಲಿ ಬುಡಜ್ಜಿ. ಕೂಗ್ದಿದ್ರೆ ಅವ್ರ ಸೊಪ್ಪು ಯಾರ್ ತಗತಾರೆ?" ಎಂದಳು ಅವಳು.

ತನ್ನ ತುಣುಕಿಗೆ ಅಪ್ಪನ ಕೆಲಸದ ಸದ್ದು ಬೇಕೆಂದು ಹರ್ಷಿತ ರಜೆಗೆ ಬಂದು ಒಂದು ವಾರ ಫೋನನ್ನು ಕೆಲಸದ ಕೋಣೆಯ ಗೂಡಿನಲ್ಲಿಟ್ಟು ಅರ ಉಜ್ಜುವುದು, ಸುತ್ತಿಗೆ, ಒಲೆಯ ಗಾಳಿ ಎಲ್ಲ ಹಿಡಿದುಕೊಂಡಿದ್ದಳು. ಇವರೂ ಬೇಡವೆನ್ನಲಿಲ್ಲ. ಆಗ ನಡೆಯುತ್ತಿದ್ದುದು ಒಂದೂಕಾಲು ಅಡಿಯ ಸೀತಾದೇವಿ. ತೊಣ್ಣೂರಿನಾಚೆಯ ಒಂದು ಸಣ್ಣ ರಾಮದೇವರ ಗುಡಿಗೆ ಹೋಗಬೇಕಿತ್ತು. ಅಲ್ಲಿನ ಹಳೆಯ ಸೀತೆಯ ತೋಳು ಮುರಿದುಹೋಗಿತ್ತು.

ಕಣ್ಣಿನ ದಿನ ಇವರು ಚಿಲಕ ಹಾಕಿಕೊಳ್ಳುವ ಮೊದಲು ಕೋಣೆ ಗುಡಿಸಲು ಹೋದವಳು ನಾನೇ. ಗೂಡಿನಲ್ಲಿ ಆ ಫೋನು ಇತ್ತು. ಪರದೆ ಕಪ್ಪಗಿತ್ತು. ಆಫ್ ಆಗಿದೆ ಎಂದುಕೊಂಡೆನೋ, ತೆಗೆದುಕೊಂಡು ಹೋಗೋಣವೆಂದುಕೊಳ್ಳುವಷ್ಟರಲ್ಲಿ ಇವರು ಒದ್ದೆ ಪಂಚೆಯಲ್ಲಿ ಬಂದುಬಿಟ್ಟರೋ. ಈಗ ನೆನಪು ಮಾಡಿಕೊಂಡರೆ ಒಂದೊಂದು ಸಲ ಒಂದೊಂದು ಥರ ಕಾಣುತ್ತದೆ. ನೋಡಿದ್ದು ಮಾತ್ರ ನಿಜ. ಮೂಲೆಯಲ್ಲಿದ್ದ ಹಳೆಯ ಕಬ್ಬಿಣದ ದಿಮ್ಮಿಯ ಸುತ್ತ ಗುಡಿಸಿ, ಹೊರಗೆ ಬಂದುಬಿಟ್ಟೆ.

ಬಸ್ಸಿನಿಂದ ಇಳಿದು ಮನೆಗೆ ಬಂದಾಗ ಹರ್ಷಿತ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದಳು. ನಾನು ಚೀಲ ಇಳಿಸಿ, ಇವರ ಸುತ್ತಿಗೆಯ ಸದ್ದು ಹಿತ್ತಲ ಕಡೆಯಿಂದ ಬರುತ್ತಿದೆ ಎಂದು ಖಾತ್ರಿ ಮಾಡಿಕೊಂಡು ಅವಳ ಪಕ್ಕ ಕೂತೆ.

"ಕಣ್ಣಿನ ಏಟನ್ನ ಹಾಡಿಗೆ ಹಾಕಿದ್ದೀಯಾ?"

ಅವಳು ಸುಳ್ಳು ಹೇಳಲಿಲ್ಲ. "ಬೇಕು ಅಂತ ಇಡ್ಲಿಲ್ಲ ಅಮ್ಮ. ಹಿಂದಿನ್ ದಿನ ಹಾಕಿದ್ ರೆಕಾರ್ಡಿಂಗೇ ಓಡ್ತಾ ಇತ್ತು, ಮರ್ತೋಗಿದ್ದೆ. ಆಮೇಲೆ ಕೇಳ್ದಾಗ..." ಎಂದು ನಿಲ್ಲಿಸಿದಳು. "ಅಷ್ಟು ಚಂದದ ಬಡಿತ ನಾನು ಎಲ್ಲೂ ಕೇಳಿಲ್ಲ."

"ಮರೆತದ್ದು ಸರಿ. ಆಮೇಲೆ ಹಾಕಿದ್ದು?"

"ಹಾಕಿದ್ದು ಬೇಕಂತ್ಲೇ."

ಅವಳೇ ಮುಂದುವರಿಸಿದಳು.

"ನಾನು ಗಂಡಾಗಿದ್ರೆ ಅಪ್ಪ ಒಳೀಕ್ ಕರೆದು ಏಳ್ಕೊಡ್ತಿರ್ಲಿಲ್ವಾ? ಅಪ್ಪ ಆದ್ಮೇಲೆ ಆ ಕೋಣೆ ಯಾರ್ದು? ನಂಗ್ ಕೊಡಲ್ಲ, ಇನ್ಯಾರೂ ಇಲ್ಲ. ಅಂಗೇ ಸತ್ತೋಗ್ಬೇಕಾ ಅದು? ಅಲ್ಲಿ ಆ ಹುಡುಗ್ರಿಗೂ ನಿಮ್ಗೆ ಜಾಗ ಇಲ್ಲ ಅಂದ್ರು. ಅವ್ರು ಕಾಯ್ಕೊಂಡು ಕೂತ್ಕೊಂಡ್ರಾ?"

"ಅಲ್ಲಿಯದು ಇಲ್ಲಿಗೆ ತರಬೇಡ."

"ನೀನೇ ತಿದ್ದಿದ್ದೀಯಲ್ಲ, ಅದ್ನೆಲ್ಲ," ಎಂದಳು.

ಹಾಡಿನ ಸಾಲುಗಳನ್ನು ಪರದೆಯ ಮೇಲೆ ತೋರಿಸಿದಳು. ಇದೊಂದನ್ನು ಮಾತ್ರ ಅವಳು ನನ್ನಿಂದ ತಿದ್ದಿಸಿರಲಿಲ್ಲ.

ಬಾಗ್ಲು ಮುಚ್ಚವ್ರೆ, ಒಳ್ಗೆ ನಮ್ಮಪ್ಪ,
ಬಾಗ್ಲಿಂದಾಚೆ ನಾನೂ ನಮ್ಮವ್ವ.
ಕಾಲ್ಗೆ ಕಟ್ಟಾಕಿ, ಬಾಯ್ಗೆ ಬೀಗ ಜಡೀರಿ,
ಕಿವೀಗೆ ಚಿಲ್ಕ ಎಲ್ಲಿ ಮಾಡ್ಸಿದ್ದೀರಿ?

ತಿದ್ದಲು ಏನೂ ಇರಲಿಲ್ಲ. ಅದು ನನಗೆ ಇನ್ನಷ್ಟು ಭಯ ಹುಟ್ಟಿಸಿತು.

ಅವಳು ಇಂಟರ್‌ನೆಟ್ಟಿಗೆ ಹಾಕಿದ್ದ ಆ ಹಾಡನ್ನು ಆಗಲೇ ಅಳಿಸಿಹಾಕಿದಳು, ನನ್ನ ಕಣ್ಣೆದುರೇ. ಆದರೆ ಬಸ್ಸಿನ ಹುಡುಗಿಯರ ಫೋನಿನಿಂದ ಅಳಿಸುವವರು ಯಾರು? ಮಾರನೇ ದಿನ ಶಾಲೆಯಲ್ಲಿ ಒಂಬತ್ತನೇ ತರಗತಿಯ ಯಾರೋ ಡೆಸ್ಕಿನ ಮೇಲೆ ಸ್ಕೇಲಿನಿಂದ ಮೂರು, ಐದು, ಎರಡು, ಒಂದು ಬಾರಿಸಿದರು. ನಾನು ಬೋರ್ಡಿನ ಕಡೆ ತಿರುಗಿ, ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಟ್ಟು, ಯಾರೆಂದು ಕೇಳದೆ ಬೋರ್ಡು ಒರೆಸಿದೆ. ನೆಂಟರವನು ಬಾರಿಸಿದ್ದು ಒಂದೇ ಒಂದು ಕೊಡ, ಒಂದೇ ಸಲ.

ಸೀತೆ ಗುಡಿಗೆ ಹೊರಡುವುದು ಶುಕ್ರವಾರವಿತ್ತು. ಅಂದು ಸೋಮವಾರ. ಇವರ ಹತ್ತಿರ ಇರುವುದು ಗುಂಡಿ ಒತ್ತುವ ಹಳೆಯ ಫೋನು, ಹಾಡು ತಲುಪಲಾರದು ಎಂದು ಒಂದು ಗಳಿಗೆ ಧೈರ್ಯ. ಹೋಟೆಲಿಗೆ ಹೋದರೆ, ಕೆ.ಆರ್. ಪೇಟೆಗೆ ಹಳೇ ತಾಮ್ರ ತರಲು ಹೋದರೆ, ಯಾರಾದರೂ ಹಾಕಿಯೇ ಇರುತ್ತಾರೆ ಎಂದು ಮುಂದಿನ ಗಳಿಗೆ ನಡುಕ. ಇವರು ಹೊರಗಿನಿಂದ ಬಂದಾಗಲೆಲ್ಲ ಮೊದಲು ಮುಖ ನೋಡುತ್ತಿದ್ದೆ, ಆಮೇಲೆ ನೀರು ಕೊಡುತ್ತಿದ್ದೆ.

"ಏನ್ ಇಂದ್ರಾ, ಅಂಗ್ ನೋಡ್ತೀಯ? ಮುಖದಲ್ಲಿ ಮಸಿ ಅದಾ?" ಎಂದರು ಒಂದು ಸಲ.

"ಇಲ್ಲ," ಎಂದೆ. ಮಸಿ ಇತ್ತು.

ಇವರಿಗೆ ಹೇಳಬೇಕಿತ್ತು. ಏನೆಂದು ಹೇಳಬೇಕೆಂದು ಹಳೆಯ ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದೂ ಇಟ್ಟುಕೊಂಡೆ. 'ಒಂದು ತಪ್ಪಾಗಿದೆ' ಎಂದು ಶುರುಮಾಡಿ, ತಪ್ಪು ಯಾರದೆನ್ನುವಲ್ಲಿ ಪೆನ್ನು ನಿಲ್ಲುತ್ತಿತ್ತು. ಹೇಳಿದರೆ ಮೂರು ತಿಂಗಳ ಕೆಲಸ ಮೂಸೆಗೆ ಹೋಗುತ್ತದೆ, ಅಪ್ಪ ಮಗಳ ನಡುವಿನ ಮಾತು ಅಲ್ಲಿಗೆ ಮುಗಿಯುತ್ತದೆ. ಹೇಳದಿದ್ದರೆ ಆ ಊರಿನವರು ಬೆಳಕಿಲ್ಲದ ಕಣ್ಣಿಗೆ ದಿನಾ ಕೈಮುಗಿಯುತ್ತಾರೆ. ಅಲ್ಲಿ ಒಂದು ಮಗುವಿಗೆ ಜ್ವರ ಬಂದರೂ, ಒಂದು ಟ್ರ್ಯಾಕ್ಟರು ಮಗುಚಿದರೂ ನನಗೆ ಇದೇ ನೆನಪಾಗುತ್ತದೆ.

ಬುಧವಾರ ಸಂಜೆ ಆ ಗುಡಿಯ ಪೂಜೆಯ ಮನೆತನದ ದೊರೆಸ್ವಾಮಿಯವರು ಫೋನು ಮಾಡಿದರು. ರಿಟೈರಾದ ಮೇಷ್ಟರು, ಮೆತ್ತನೆಯ ಮನುಷ್ಯ. ನನ್ನ ಗಂಡ ಮನೆಯಲ್ಲಿ ಇರಲಿಲ್ಲ.

"ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಬರ್ತೀವಿ ಇಂದಿರಮ್ಮ. ಕನ್ನಡಿ ಹೊಸದು ತಂದಿದ್ದೀವಿ. ಕರು ಜೊತೆಗಿರೋ ಹಸೂನೂ ಗೊತ್ತುಮಾಡಿದ್ದೀವಿ. ಇನ್ನೇನಾದ್ರೂ ಬೇಕಾ?"

ಬೇಕಿಲ್ಲ ಎಂದು ಇಟ್ಟುಬಿಡಬಹುದಿತ್ತು.

"ಒಂದು ಮಾತು ಕೇಳಲಾ?" ಎಂದೆ. "ಸುಮ್ಮನೆ ತಿಳಿದುಕೊಳ್ಳುವುದಕ್ಕೆ. ಕಣ್ಣಿನ ಏಟು ಯಾರಿಗೂ ಗೊತ್ತಿಲ್ಲದ ಹಾಗೆ ಹೊರಗೆ ಹೋಗಿದ್ದರೆ, ಬೇಕೆಂದು ಮಾಡಿದ್ದಲ್ಲದಿದ್ದರೆ, ಅದಕ್ಕೇನಾದರೂ ಶಾಂತಿ ಅಂತ ಇರುತ್ತದಾ?"

ನನಗೆ ಅವರ ಉಸಿರು ಕೇಳುತ್ತಿತ್ತು.

"ನೀವು ಕೇಳದೇ ಇದ್ದಿದ್ರೆ ನನಗೆ ಗೊತ್ತಾಗ್ತಿರ್ಲಿಲ್ಲ," ಎಂದರು. "ಈಗ ಗೊತ್ತಿಲ್ಲದವನ ಥರ ಇರೋಕಾಗಲ್ಲವಲ್ಲ, ತಾಯಿ."

ಅವರು ಶುಕ್ರವಾರಕ್ಕೆ ಕಾಯಲಿಲ್ಲ. ಗುರುವಾರ ಬೆಳಿಗ್ಗೆಯೇ ತಮ್ಮನ ಮಗ ವಿನಯ್‌ನನ್ನು ಕರೆದುಕೊಂಡು ಕಾರಿನಲ್ಲಿ ಬಂದರು. ಬುಧವಾರ ಸಂಜೆಯಿಂದ ಗುರುವಾರ ಬೆಳಿಗ್ಗೆಯವರೆಗೂ ನಾನು ಇವರಿಗೆ ಏನೂ ಹೇಳಿರಲಿಲ್ಲ. ಅವರು ಕಾರಿನಿಂದ ಇಳಿದದ್ದನ್ನು ನೋಡಿ ಇವರೇ, "ಓ, ಒಂದಿನ ಮುಂಚೇನೇ ಬಂದ್ಬುಟ್ರಲ್ಲ ಸ್ವಾಮಿ," ಎಂದು ನಗುತ್ತಾ ಕುರ್ಚಿ ಹಾಕಿದರು. ಆ ನಗುವನ್ನು ನೋಡಲಾಗದೆ ಕಾಫಿಯ ನೆಪದಲ್ಲಿ ಒಳಗೆ ಹೋದೆ. ಒಲೆ ಹಚ್ಚದೆ ಬಾಗಿಲ ಹಿಂದೆ ನಿಂತೆ.

ದೊರೆಸ್ವಾಮಿಯವರು ಎಷ್ಟು ನಯವಾಗಿ ಹೇಳಬಹುದೋ ಅಷ್ಟು ನಯವಾಗಿ ಹೇಳಿದರು. ನನ್ನ ಹೆಸರು ಎತ್ತಲಿಲ್ಲ. 'ನಮಗೆ ಒಂದು ಸುದ್ದಿ ಬಂತು, ನಿಮ್ಮ ಮಗಳ ಹಾಡಲ್ಲಿ ಕಣ್ಣಿನ ಏಟು ಇದೆಯಂತೆ' ಎಂದರು. ಇವರ ಕುತ್ತಿಗೆ ಒಮ್ಮೆ ಬಾಗಿಲ ಕಡೆ ತಿರುಗಿತು, ಮತ್ತೆ ಮುಂದಕ್ಕೆ ಹೋಯಿತು.

"ಆಕಿ, ಕೇಳಾನ," ಎಂದರು.

ವಿನಯ್ ಫೋನಿನಲ್ಲಿ ಹುಡುಕಿ ಹಾಕಿದ. ಅವನ ಹತ್ತಿರವೂ ಇತ್ತು. ಹರ್ಷಿತ ಮೆಟ್ಟಿಲ ಮೇಲೆ ನಿಂತಿದ್ದಳು, ಅಪ್ಪನ ಮುಖ ನೋಡುತ್ತಾ. ಅತ್ತೆಗೆ ಕಿವಿ ಸ್ವಲ್ಪ ಮಂದವಾದ್ದರಿಂದ, "ಏನವ್ವ, ಯಾರ್ ಬಂದವ್ರೆ? ಏನಂತೆ?" ಎಂದು ಒಳಗಿನಿಂದ ಕೇಳುತ್ತಲೇ ಇದ್ದರು.

ಮೂರು ನಿಮಿಷ ಮುಗಿಯಿತು.

"ಇನ್ನೊಂದ್ಸಲ ಆಕು," ಎಂದರು ಇವರು.

ಎರಡನೇ ಸಲ ಕಣ್ಣು ಮುಚ್ಚಿಕೊಂಡು ಕೇಳಿದರು. ಕೈಬೆರಳು ಮೊಣಕಾಲ ಮೇಲೆ ಮೆಲ್ಲಗೆ ಆಡುತ್ತಿತ್ತು. ಕೊನೆಯಲ್ಲಿ ಮಗಳ ಕಡೆ ನೋಡಿದರು. ಕೋಪವಿದ್ದರೆ ನನಗೆ ಗುರುತು ಸಿಗುತ್ತಿತ್ತು. ಅದು ಕೋಪವಲ್ಲ. ಏನೆಂದೂ ಗೊತ್ತಾಗಲಿಲ್ಲ.

"ನೀನೇ ಕಟ್ಟಿದ್ದಾ, ಆ ಮಾತ್ನೆಲ್ಲ?"

"ಊಂ ಅಪ್ಪ."

"ಕಿವೀಗೆ ಚಿಲ್ಕ ಇಲ್ಲ ಅಂದ್ಯಲ್ಲ, ಅದು."

"ಊಂ."

ಇವರು ತಲೆಯಾಡಿಸಿದರು. ದೊರೆಸ್ವಾಮಿಯವರು ಮುಂದಕ್ಕೆ ಬಾಗಿ ಕೂತರು. "ಲಕ್ಷ್ಮಣಾಚಾರ್ರೇ, ನಾನು ನಿಮ್ಮ ಬಾಯಿಂದ ಒಂದು ಮಾತು ಕೇಳೋಕೆ ಬಂದೆ. ಏನೂ ಆಗಿಲ್ಲ, ಕಣ್ಣು ಸರಿಯಾಗಿದೆ, ಅಂತ ನೀವು ಹೇಳಿದ್ರೆ ಸಾಕು. ನಾನು ಊರವರಿಗೆ ಹೇಳ್ಕೋತೀನಿ. ಈಗಲೇ ಕರ್ಕೊಂಡು ಹೋಗ್ತೀನಿ ತಾಯೀನ."

ಇವರು ಬಾಯಿ ತೆರೆದರು. ನಾನು ನೋಡಿದೆ, ತೆರೆದರು. ಒಂದು ಮಾತು ಅಲ್ಲಿಯವರೆಗೂ ಬಂದಿತ್ತು.

"ಅದೆಂಗೆ ಆಗಿಲ್ಲ ಅಂತೀರ, ಅಂಕಲ್?" ಎಂದ ವಿನಯ್. ಅವನಿಗೆ ಕೇಡಿನ ಉದ್ದೇಶವಿರಲಿಲ್ಲ, ನಿಜವಾಗಿಯೂ ತಿಳಿಯಬೇಕಿತ್ತು. "ಊರಲ್ಲಿ ಎಲ್ರೂ ಇದೇ ಕೇಳ್ತಾರೆ. ಏಟು ಅದೇ ಅಲ್ವಾ?"

ಇವರು ಬಾಯಿ ಮುಚ್ಚಿಕೊಂಡರು. ಎದ್ದುನಿಂತು ಪಂಚೆ ಕೊಡವಿದರು.

"ಕರಗಿಸ್ತೀನಿ ಸ್ವಾಮಿ. ಎರಡು ತಿಂಗ್ಳು ಟೈಮ್ ಕೊಡಿ. ಇನ್ನೊಬ್ಳು ಸೀತಮ್ಮನ್ನ ಮಾಡ್ಕೊಡ್ತೀನಿ."

ಅವರು ಹೊರಟ ಮೇಲೆ ನಾನು ಹೊರಗೆ ಬಂದೆ. "ನಾನೇ ಹೇಳಿದ್ದು," ಎಂದೆ. ಹಾಜರಿ ಪುಸ್ತಕದಲ್ಲಿ ಬರೆದ ಒಂದು ವಾಕ್ಯವೂ ಬಾಯಿಗೆ ಬರಲಿಲ್ಲ. "ಫೋನು ಗೂಡಿನಲ್ಲಿರುವುದನ್ನೂ ನೋಡಿದ್ದೆ."

"ಗೊತ್ತು," ಎಂದರು. "ನಾನೂ ನೋಡ್ದೆ. ಉಳಿ ಕೈಗೆ ತಗಂಡ್ಮೇಲೆ ನೋಡ್ದೆ. ಆಮೇಲೆ ಯಾರ್ನ ಕೂಗಂಗದೆ?"

"ನನಗೆ ಆಗಲೇ ಹೇಳಬಾರದಿತ್ತಾ?"

"ನೀನ್ ನಂಗೆ ಏಳ್ಬಾರ್ದಿತ್ತಾ?" ಎಂದರು. ಅಷ್ಟೇ.

ಮಾರನೇ ದಿನ ಒಲೆ ಹೊತ್ತಿಸಿದರು. ಸೀತೆಯ ಮುಖಕ್ಕೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಲಿಲ್ಲ, ಹಾಗೆಯೇ ಮೂಸೆಗೆ ಇಳಿಸಿದರು. ಬಟ್ಟೆ ಒಮ್ಮೆ ಹೊತ್ತಿಕೊಂಡು ಕರ್ರಗಾಯಿತು. ಗಾಳಿಯ ಚಕ್ರ ತಿರುಗಿಸಲು ಹರ್ಷಿತ ತಾನಾಗಿಯೇ ಹೋಗಿ ಕೂತಳು. ಅವಳ ಕೆನ್ನೆಯ ಮೇಲೆ ನೀರು ಇಳಿದು, ಒಲೆಯ ಕಾವಿಗೆ ಅಲ್ಲೇ ಒಣಗುತ್ತಿತ್ತು. ಇವರು ಅವಳನ್ನು ಬೈಯುತ್ತಾರೆ ಎಂದು ನಾನು ಪ್ರತಿ ಗಳಿಗೆಯೂ ಕಾದೆ. ಅವರು ಇಕ್ಕಳದಿಂದ ಲೋಹ ಕದಡುತ್ತಾ ಅಂದದ್ದು ಒಂದೇ ಮಾತು.

"ಕೇಳ್ಬುಟ್ಟಿದ್ದೀಯ. ಕೇಳ್ದೋಳಿಗೆ ನೋಡಾದೂ ಗೊತ್ತಿರ್ಬೇಕು."

ಅದನ್ನು ನಾನು ಬೈಗುಳವೆಂದೇ ತಿಳಿದೆ. ಹರ್ಷಿತಳೂ ಹಾಗೇ ತಿಳಿದಳೆಂದು ಕಾಣುತ್ತದೆ, ಚಕ್ರ ಇನ್ನಷ್ಟು ಜೋರಾಗಿ ತಿರುಗಿಸಿದಳು.

ಎರಡು ತಿಂಗಳು ಮನೆಯಲ್ಲಿ ಮಾತು ಕಡಿಮೆಯಾಯಿತು. ಹರ್ಷಿತ ಆ ತುಣುಕಿನ ಬದಲು ಒಲೆಯ ಗಾಳಿಯನ್ನೂ ಅರದ ಸದ್ದನ್ನೂ ಸೇರಿಸಿ ಇನ್ನೊಂದನ್ನು ಮಾಡಿ ಕಾಲೇಜಿಗೆ ಒಪ್ಪಿಸಿದಳು. ಮೊದಲಿನಷ್ಟು ಚೆನ್ನಾಗಿಲ್ಲವೆಂದು ಅವರ ಮೇಷ್ಟರು ಹೇಳಿದರಂತೆ. ಭಾನುವಾರ ಬಂದಾಗ ಮೇಣ ತಿದ್ದುವುದಕ್ಕೆ ಕೂರುತ್ತಿದ್ದಳು. ಇವರು ಬೇಡವೆನ್ನಲಿಲ್ಲ, ಸರಿಯೆನ್ನಲೂ ಇಲ್ಲ. ಅವಳು ಮಾಡಿದ ಬೆರಳನ್ನು ಉಗುರಿನಿಂದ ಅಳಿಸಿ ಮತ್ತೆ ಮಾಡು ಎಂದು ಮುಂದಕ್ಕೆ ತಳ್ಳುತ್ತಿದ್ದರು. ದೊರೆಸ್ವಾಮಿಯವರ ಊರಿನಲ್ಲಿ ಏನಾದರೂ ಕೆಟ್ಟದ್ದು ನಡೆಯಿತೇ ಎಂದು ನಾನು ಪೇಪರಿನ ಒಳಪುಟಗಳನ್ನು ದಿನಾ ನೋಡುತ್ತಿದ್ದೆ. ಮೂರ್ತಿ ಅಲ್ಲಿಗೆ ಹೋಗಿಯೇ ಇರಲಿಲ್ಲ. ಆದರೂ ನೋಡುತ್ತಿದ್ದೆ.

ಎರಡನೇ ಸೀತೆಯ ಕಣ್ಣಿನ ದಿನ ನಾನು ಕೋಣೆ ಗುಡಿಸಿ, ಗೂಡು, ಕಿಟಕಿ, ಮೂಲೆ ಎಲ್ಲ ಎರಡೆರಡು ಸಲ ನೋಡಿ, ಮನೆಯಲ್ಲಿದ್ದ ಫೋನುಗಳನ್ನೆಲ್ಲ ಒಂದು ಪಾತ್ರೆಗೆ ಹಾಕಿ ಮುಚ್ಚಿಟ್ಟೆ. ಇವರು ಸ್ನಾನ ಮುಗಿಸಿ ಬಂದರು. ಬಾಗಿಲ ಹತ್ತಿರ ನಿಂತು, "ಬಾರಮ್ಮಿ," ಎಂದರು.

ನನ್ನನ್ನು ಕರೆದರೆಂದು ನಾನು ಎದ್ದೆ. ಅವರು ನೋಡುತ್ತಿದ್ದುದು ಹರ್ಷಿತಳನ್ನು.

"ತಲೆ ಮೇಲೆ ನೀರ್ ಉಯ್ಕಂಡ್ಯಾ? ಏನೂ ತಿಂದಿಲ್ವಲ್ಲ?"

"ಇಲ್ಲ ಅಪ್ಪ."

"ಲೋ ಲಕ್ಷ್ಮಣ, ಏನ್ಲಾ ಇದು?" ಎಂದರು ಅತ್ತೆ, ಗೋಡೆ ಹಿಡಿದು ಏಳುತ್ತಾ. "ಹೆಣ್ ಮಗೀನ..."

"ನಿನ್ ಮಗನ್ಗೆ ಗಂಡ್ ಮಗ ಅವ್ನಾ? ಕೂತ್ಕೊ ಅವ್ವ," ಎಂದರು ಇವರು. ಬಾಗಿಲು ಮುಚ್ಚಿತು. ಚಿಲಕದ ಸದ್ದು ಕೇಳಿತು.

ಅತ್ತೆ ಸೊಸೆ ಇಬ್ಬರೂ ನಡುಮನೆಯಲ್ಲಿ ಕೂತೆವು. ಮೂರು. ತಡೆ. ಐದು. ತಡೆ. ಎರಡು ಮೆಲ್ಲಗೆ. ಒಂದು ಗಟ್ಟಿಯಾಗಿ. ಇನ್ನೇನು ಬಾಗಿಲು ತೆರೆಯುತ್ತದೆ ಎಂದುಕೊಂಡೆ. ತೆರೆಯಲಿಲ್ಲ. ಇಷ್ಟು ವರ್ಷವೂ ಏಟು ಮುಗಿದರೆ ಕೆಲಸ ಮುಗಿಯಿತೆಂದು ನಾನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ, ಉಪವಾಸದವರಿಗೆ ಊಟಕ್ಕೆ ಅಣಿಮಾಡಲು. ಆ ದಿನ ಮಗಳು ಒಳಗಿದ್ದಳು, ಏಳಲಿಲ್ಲ. ಗೋಡೆಯ ಗಡಿಯಾರ ನೋಡುತ್ತಾ ಕೂತೆ. ಐವತ್ತು ನಿಮಿಷ ಒಳಗಿನಿಂದ ಒಂದು ಸದ್ದೂ ಬರಲಿಲ್ಲ. ಸುತ್ತಿಗೆಯಿಲ್ಲದೆ, ಬರೀ ಕೈಯ ಒತ್ತಿನಲ್ಲಿ ಲೋಹದ ಮೇಲೆ ಏನಾದರೂ ನಡೆದರೆ ಅಂಥ ಮೌನ ಇರಬಹುದು ಎಂದು ಆಗ ನನಗೆ ಹೊಳೆಯಲಿಲ್ಲ. ಒಳಗೆ ಏನೋ ಕೆಟ್ಟಿದೆ ಎಂದೇ ಹೆದರಿದೆ.

ಹರ್ಷಿತ ಹೊರಗೆ ಬಂದಾಗ ಮುಖ ಬಿಳಿಚಿಕೊಂಡಿತ್ತು. ಎರಡು ಲೋಟ ನೀರು ಕುಡಿದಳು. ನಾನು ಕೇಳುವುದಿಲ್ಲವೆಂದು ನಿರ್ಧರಿಸಿದ್ದೆ, ಕೇಳಲಿಲ್ಲ. ಅವಳೇ ಲೋಟ ಕೆಳಗಿಟ್ಟು, ಅಳೆದು ತೂಗಿ ಹೇಳಿದಳು. ಅಷ್ಟು ಎಚ್ಚರದಿಂದ ಅವಳು ಮಾತಾಡಿದ್ದನ್ನು ನಾನು ನೋಡಿಯೇ ಇರಲಿಲ್ಲ.

"ಮೊದಲಿನ ಹಾಡನ್ನ ಬೇಕಾದ್ರೆ ಮತ್ತೆ ಹಾಕ್ಕೊ ಅಂದ್ರು ಅಪ್ಪ, ಉಳಿ ಹಿಡಿಯೋಕ್ ಮುಂಚೆನೇ. ಅದ್ರಿಂದ ಏನೂ ಆಗಲ್ವಂತೆ."

"ಏನೂ ಆಗಲ್ವಾ?"

"ಏನೂ ಆಗಲ್ವಂತೆ," ಎಂದಳು. "ಆದ್ರೆ ನಾನ್ ಹಾಕಲ್ಲ. ಹಾಕಿದ್ರೆ ಆಗ ಯಾಕೆ ಕರಗಿಸಿದ್ರಿ ಅಂತ ಕೇಳ್ತಾರೆ."

ಸಂಜೆ ಕೋಣೆ ಗುಡಿಸಲು ಹೋದೆ. ಮುಖಕ್ಕೆ ಬಟ್ಟೆ ಕಟ್ಟಿಸಿಕೊಂಡು ಸೀತೆ ಹಲಗೆಯ ಮೇಲೆ ನಿಂತಿದ್ದಳು. ಮೂಲೆಯಲ್ಲಿ ಹಳೆಯ ಕಬ್ಬಿಣದ ದಿಮ್ಮಿ, ಮೈತುಂಬ ತುಕ್ಕು ಹಿಡಿದ ಗುಳಿಗಳು. ಇಪ್ಪತ್ತನಾಲ್ಕು ವರ್ಷ ಅದರ ಸುತ್ತ ಗುಡಿಸಿದ್ದೇನೆ, ಬಾಗಿ ನೋಡಿರಲಿಲ್ಲ. ಈಗ ಬಾಗಿದೆ. ತುಕ್ಕಿನ ನಡುವೆ ಕೆಲವು ಗುರುತುಗಳು ಹೊಸದಾಗಿ ಬೆಳ್ಳಗೆ ಹೊಳೆಯುತ್ತಿದ್ದವು. ಬೆರಳಿಟ್ಟು ಎಣಿಸಿದೆ. ಮೂರು, ಐದು, ಎರಡು, ಒಂದು. ಕ್ಷಣ ಕಳೆದ ಮೇಲೆ ಇನ್ನೊಮ್ಮೆ ಎಣಿಸಿದೆ.

ಪೊರಕೆ ಕೆಳಗಿಟ್ಟು ಕೂತುಬಿಟ್ಟೆ. ಹೊರಗಿನವರು ಕೇಳಲೆಂದೇ ಏಟು ಈ ದಿಮ್ಮಿಯ ಮೇಲೆ ಬೀಳುತ್ತಿತ್ತು. ಕಣ್ಣು ಆಮೇಲೆ, ಸದ್ದಿಲ್ಲದೆ. ಮೊದಲನೇ ಸೀತೆಯ ಕಣ್ಣಿಗೆ ಯಾವ ಊನವೂ ಆಗಿರಲಿಲ್ಲ. ನೆಂಟರವನು ಕೊಡ ಬಾರಿಸಿದ ಆ ಮೂರ್ತಿಗೂ ಆಗಿರಲಿಲ್ಲ. ಹೊರಗಿನವರೆದುರು ಇದನ್ನು ಬಿಚ್ಚಿಡುವುದಕ್ಕಿಂತ ಕರಗಿಸುವುದೇ ವಾಸಿ ಎಂದು ಎರಡು ಸಲವೂ ಈ ಮನೆಯ ಗಂಡಸರು ಬಾಯಿ ಮುಚ್ಚಿಕೊಂಡರು. ಮೊದಲನೇ ಸೀತೆಯನ್ನು ಮೂಸೆಗೆ ಇಳಿಸಿದ್ದು ಮಗಳ ಹಾಡಲ್ಲ. ಬುಧವಾರ ಸಂಜೆ ಫೋನಿನಲ್ಲಿ ನಾನು ಆರಿಸಿ ಆರಿಸಿ ಆಡಿದ ಮಾತು.

ಹರ್ಷಿತಳ ಪ್ರಬಂಧದಲ್ಲಿ ನಾನು ಅಸ್ಪಷ್ಟವೆಂದು ಗೆರೆ ಎಳೆದಿದ್ದ ಸಾಲು ಈಗ ಪೂರ್ತಿ ಅರ್ಥವಾಯಿತು. ಅವಳು ಅದನ್ನು ಬಿಡಿಸಿ ಬರೆದಿರಲಿಲ್ಲ. ಹಾಗೇ ಬಿಟ್ಟು ಒಪ್ಪಿಸಿದ್ದಳು.

ಇದು ನನಗೆ ಗೊತ್ತಾಗಿದೆಯೆಂದು ನಾನು ಯಾರಿಗೂ ಹೇಳಿಲ್ಲ. ಹೊಳೆಯುವ ಗುರುತುಗಳ ಮೇಲೆ ಒಲೆಯ ಬೂದಿ ಉಜ್ಜಿ ಬಂದೆ.

ಮಾರನೇ ದಿನ ದೊರೆಸ್ವಾಮಿಯವರ ಫೋನು ಬಂತು. ಶುಕ್ರವಾರ ಬರುತ್ತೇವೆ ಎಂದರು. ಆಮೇಲೆ ಸ್ವಲ್ಪ ಅಳುಕಿ, "ಈ ಸಲ ಎಲ್ಲ ಸರಿಯಾಗಿದೆ ತಾನೇ ಇಂದಿರಮ್ಮ? ಆ ಹೊತ್ತಲ್ಲಿ ಒಳಗೆ ಇನ್ಯಾರೂ ಇರಲಿಲ್ಲ ತಾನೇ?" ಎಂದು ಕೇಳಿದರು.

ಇದ್ದಳು ಎಂದರೆ ಈ ಸೀತೆಯೂ ಮೂಸೆಗೆ, ಇರಲಿಲ್ಲ ಎಂದರೆ ಸುಳ್ಳು. ಆ ಕಡೆ ಅವರ ಉಸಿರು ಕೇಳುತ್ತಿತ್ತು. ಹಿತ್ತಲಲ್ಲಿ ಹರ್ಷಿತ ಅರ ಉಜ್ಜುತ್ತಿದ್ದ ಸದ್ದು ನಿಂತಿತು. ನಾನು ಹಿತ್ತಲಿಗೆ ಹೋಗಿ, ಒಳಗಿದ್ದವಳೇ ಹೇಳಲಿ ಎಂದು ಫೋನನ್ನು ಹರ್ಷಿತಳ ಕೈಗೆ ಕೊಟ್ಟೆ.